ಪದೇ ಪದೇ ಹೋಗುವ ಫ್ಯೂಸ್

ಜೂನ್ ೪, ಮಂಗಳವಾರ

ಮತ್ತೆ ಕಾರಿನ ಫ್ಯೂಸ್ ಹೋಯ್ತು. ಇವರನ್ನ ಫಿಸಿಯೋಥೆರಪಿಗೆ ಕರ್ಕೊಂಡು ಹೋಗ್ತಾ, ಸರಿಯಾಗಿ ಫ್ಲೈಓವರ್ ಮೇಲೆ. ಹಿಂದಿನ ಸೀಟಲ್ಲಿ ಅಮ್ಮನಿಗೆ ಉಬ್ಬಸ ಶುರು. ಮನೇಲಿ ಒಬ್ಬಳನ್ನೇ ಬಿಡೋ ಹಾಗಿಲ್ಲ, ಜೊತೇಲೇ ಕರ್ಕೊಂಡು ತಿರುಗಬೇಕು. ನೆಬ್ಯುಲೈಸರ್ ಪ್ಲಗ್ ಲೈಟರ್ ಸಾಕೆಟ್‌ಗೆ ಚುಚ್ಚಿದೆ — ಉಸಿರೇ ಇಲ್ಲ ಮೆಷಿನ್‌ಗೆ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಹಿಂದೆ ಹಾರ್ನ್ ಮೇಲೆ ಹಾರ್ನ್. ಅಮ್ಮ ಕಿಟಕಿಗೆ ಮುಖ ಒತ್ತಿ, ದಡಕ್ಕೆ ಬಿದ್ದ ಮೀನಿನ ಹಾಗೆ... ಇನ್ಹೇಲರ್ ಮೇಲೆ ಇನ್ಹೇಲರ್ ಹೊಡೆದು ಹೇಗೋ ಇಳೀತು.

ಇವರು ಮುಂದಿನ ಸೀಟಲ್ಲಿ ಹೊರಗೆ ನೋಡ್ತಾ ಕೂತಿದ್ರು. ಪಾಪ, ಅವರೇನು ಮಾಡ್ತಾರೆ. ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದೋಗಿವೆ. ಮಾತೂ ಇಲ್ಲ.

ಜೂನ್ ೫

ಎಲೆಕ್ಟ್ರಿಷಿಯನ್ ಹತ್ರ ಹೋದೆ. "ಮೆಷಿನ್ ಜಾಸ್ತಿ ಕರೆಂಟ್ ಎಳೀತಿದೆ ಮೇಡಂ." ಮೀಟರ್ ಇಟ್ಟು ನೋಡಿದ, ಎಳೀತಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ವೈರ್ ಎಲ್ಲಾ ಜಗ್ಗಿದ. ಎಲ್ಲಾ ಸರಿ.

"ದೊಡ್ಡ ಫ್ಯೂಸ್ ಹಾಕ್ಬಿಡ್ಲಾ?"

"ಆಮೇಲೆ?"

"ಆಮೇಲೆ ಫ್ಯೂಸ್ ಹೋಗಲ್ಲ. ವೈರ್ ಸುಡುತ್ತೆ." ಅವನಿಗೇ ನಗು.

ಬೇಡಪ್ಪಾ ಅಂದೆ. ಅಷ್ಟೇ ಸೈಜಿಂದೇ ಹಾಕಿಸ್ಕೊಂಡು ಬಂದೆ.

ಜೂನ್ ೭

ಹೋಯ್ತು. ಆಸ್ಪತ್ರೆ ಗೇಟಲ್ಲಿ. ಅಮ್ಮನ ತುಟಿ ನೀಲಿ. ವಾರ್ಡ್ ಬಾಯ್ ವೀಲ್‌ಚೇರ್ ತಳ್ಕೊಂಡು ಓಡಿ ಬಂದ, ಇವರಿಗೆ ಅಂತ. ಅಲ್ಲ, ಅವರಿಗೆ ಅಂದೆ. ನಾಲ್ಕು ದಿನ ಅಡ್ಮಿಟ್.

ಜೂನ್ ೯

ಗಾಡಿ ಮನೆ ಮುಂದೆ ನಿಲ್ಲಿಸಿ ನಾನೇ ಟೆಸ್ಟ್ ಮಾಡಿದೆ. ಹೊಸ ಫ್ಯೂಸ್. ನೆಬ್ಯುಲೈಸರ್ ಎಷ್ಟು ಹೊತ್ತು ಓಡಿಸಿದ್ರೂ ಫ್ಯೂಸ್ ಜಪ್ಪಯ್ಯ ಅಂದ್ರೂ ಹೋಗಲ್ಲ. ಮೊಬೈಲ್ ಚಾರ್ಜರ್ ಹಾಕಿದೆ, ಸರಿ. ಗುಂಡಿ ಬಿದ್ದ ರಸ್ತೇಲಿ ಕುಲುಕಾಡಿಸ್ಕೊಂಡು ಬಂದೆ, ಸರಿ.

ನಾನೊಬ್ಬಳೇ ಇದ್ರೆ ಹೋಗಲ್ಲ.

ಜೂನ್ ೧೩

ಅಮ್ಮನ್ನ ಹತ್ತಿಸಿ ಈ ಕಡೆ ಬರೋ ಅಷ್ಟರಲ್ಲಿ ಟಪ್ ಅಂತ ಸಣ್ಣ ಸದ್ದು. ಥೆರಪಿ ಸೆಂಟರ್ ತಲುಪಿ ಅಮ್ಮನ್ನ ಒಳಗೆ ಕೂರಿಸಿ ವಾಪಸ್ ಬಂದೆ. ಸಾಕೆಟ್‌ಗೆ ಟಾರ್ಚ್ ಬಿಟ್ಟೆ. ಒಳಗೆ ಏನೋ ಹೊಳೀತು. ಹುಬ್ಬಿನ ಚಿಮಟದಲ್ಲಿ ಎಳೆದೆ. ಮಾತ್ರೆ ಶೀಟಿನ ಬೆಳ್ಳಿ ಕಾಗದ, ಬತ್ತಿ ಹೊಸೆದ ಹಾಗೆ ಹೊಸೆದಿದೆ. ಇವರ ಬಿಪಿ ಮಾತ್ರೆದು. ಸಾಕೆಟ್‌ಗೆ ತುರುಕಿದ್ರೆ ಶಾರ್ಟ್ ಆಗಿ ಫ್ಯೂಸ್ ಹೋಗುತ್ತೆ. ಸಲ ಸಲಾನೂ ಆಮೇಲೆ ತೆಗೆದುಬಿಡ್ತಿದ್ರು ಅಂತ ಕಾಣುತ್ತೆ, ಇವತ್ತು ಸಿಕ್ಕಾಕೊಂಡಿದೆ.

ಮುಂದಿನ ಸೀಟಲ್ಲೇ ಕೂತಿದ್ದ ಇವರ ಬಲಗೈ ನೋಡಿದೆ. "ಬಿದ್ದ" ಕೈ. ತೋರುಬೆರಳ ತುದೀಲಿ ಸುಟ್ಟ ಕಲೆ.

"ನೀವೇನಾ?"

ನನ್ನನ್ನೇ ನೋಡಿದ್ರು. ಬಾಯಿ ಸೊಟ್ಟಗಾಯ್ತು. "ಹೌದು" ಅಂದ್ರು.

ಇಷ್ಟು ತಿಂಗಳಲ್ಲಿ ಮೊದಲ ಮಾತು. ಸ್ಪಷ್ಟವಾಗಿ.

ಅಮ್ಮ ನಮ್ಮನೆಗೆ ಬಂದಾಗ ಇವರು ಅಂದಿದ್ರಲ್ಲ, ಅವಳಿರಬೇಕು ಇಲ್ಲ ನಾನಿರಬೇಕು ಅಂತ. ಸ್ಟ್ರೋಕ್ ಆದ್ಮೇಲೆ ಇವರಿಗೆ ಸ್ನಾನ ಮಾಡಿಸೋಕೆ ಕೈ ಜೋಡಿಸಿದವಳು ಅದೇ ಅಮ್ಮ.

ಒಳಗೆ ಥೆರಪಿ ಹುಡುಗಿ ಕುಣಿದಾಡಿಬಿಟ್ಟಳು. "ಆಂಟಿ, ಬೆರಳಲ್ಲಿ ಹಿಡಿತ ಬಂದಿದೆ! ಮನೇಲಿ ಏನು ಪ್ರಾಕ್ಟೀಸ್ ಮಾಡಿಸ್ತಿದೀರಾ?"

"ಏನೋ, ಸಣ್ಣಪುಟ್ಟ ಕೆಲಸ."

"ನಿಲ್ಲಿಸ್ಬೇಡಿ. ಈಗ ಬಿಟ್ರೆ ಬೆರಳು ಮುದುಡಿ ಹೋಗುತ್ತೆ."

ಓಹೋ, ಅಂದ್ಕೊಂಡೆ.

ಜೂನ್ ೧೮

ಥೆರಪಿಗೆ ಹೋಗ್ಲಿಲ್ಲ. ಹುಡುಗಿ ಫೋನ್ ಮಾಡಿದ್ಲು. ಗಾಡಿ ರಿಪೇರಿ ಅಂದೆ. ಆಟೋದಲ್ಲಿ ಬನ್ನಿ ಅಂದ್ಲು. ನೋಡೋಣ ಅಂದೆ.

ಜುಲೈ ೨೨

ಕೈ ಮುಷ್ಟಿ ಆಗಿದೆ. ಚಮಚ ನಿಲ್ಲಲ್ಲ. ನಾನು ಎಡಗೈಗೂ ಚಮಚ ಕೊಡಲ್ಲ, ತಟ್ಟೆ ಬಲಗಡೆಗೇ ಇಡ್ತೀನಿ. ಅನ್ನ ಎದೆ ಮೇಲೆ, ಮಡಿಲಲ್ಲಿ. ಎದುರಿಗೆ ಕೂತು ನೋಡ್ತೀನಿ. ಹೊಟ್ಟೆ ತಣ್ಣಗಾಗುತ್ತೆ. ಸುಳ್ಳೇನು ಬರೀಲಿ.

ಇವತ್ತು ಅಮ್ಮ ಎದ್ದಳು. ಗೋಡೆ ಹಿಡ್ಕೊಂಡು, ಏದುಸಿರು ಬಿಡ್ತಾ ಬಂದು ಪಕ್ಕ ಕೂತು ಕಲಸಿ ತಿನ್ನಿಸೋಕೆ ಶುರು ಮಾಡಿದ್ಲು. ಇವರು ಬಾಯಿ ತೆರೆದ್ರು. ನನಗೆ ತಡೆಯೋಕೆ ಆಗ್ಲಿಲ್ಲ.

"ಯಾರಿಗೆ ತಿನ್ನಿಸ್ತಿದೀಯ ಗೊತ್ತಾ? ಆ ಫ್ಯೂಸ್ ಹೋಗ್ತಿತ್ತಲ್ಲ..."

"ಗೊತ್ತು ಕಣೇ."

"ಏನು ಗೊತ್ತು?"

"ಹಿಂದಿನ ಸೀಟಲ್ಲಿ ಕೂತಿದ್ದೋಳು ನಾನು. ನನಗೆ ಕಾಣಲ್ವಾ?" ಇವರ ಗಲ್ಲ ಒರೆಸಿದ್ಲು.

"ಮತ್ತೆ ಯಾಕೆ ಹೇಳ್ಲಿಲ್ಲ? ಸಾಯ್ತಿದ್ಯಲ್ಲಮ್ಮಾ!"

"ನಾನು ಇವತ್ತೋ ನಾಳೆಯೋ ಹೋಗೋಳೇ. ನಿನಗೆ ಗೊತ್ತಾದ್ರೆ ನೀನು ಹಿಂಗಾಗ್ತೀಯ ಅಂತ..." ತುತ್ತು ಕಟ್ಟಿದ್ಲು.

ಜುಲೈ ೨೩, ಬೆಳಿಗ್ಗೆ

ಥೆರಪಿ ಹುಡುಗಿಗೆ ಫೋನ್ ಮಾಡಿದೆ. ಹನ್ನೊಂದಕ್ಕೆ ಬನ್ನಿ, ಎಷ್ಟು ವಾಪಸ್ ಬರುತ್ತೋ ನೋಡೋಣ ಅಂದ್ಲು. ಅಂಗಿ ಹಾಕಿಸಿದೆ. ತೋಳು ತೂರಿಸೋಕೆ ಮುಷ್ಟಿ ಬಿಡಿಸಬೇಕಲ್ಲ — ಒಂದೊಂದೇ ಬೆರಳು ಎತ್ತಿದೆ. ನೋವಿಗೆ ಇವರ ಕಣ್ಣಲ್ಲಿ ನೀರು. ಅಮ್ಮ ಕೋಣೆ ಬಾಗಿಲಲ್ಲಿ ನಿಂತಿದ್ದಾಳೆ ಅಂತ ಗೊತ್ತಿತ್ತು. ಮೆತ್ತಗೆ ಬಿಡಿಸಬಹುದಿತ್ತು. ನಾನು ಹಾಗೆ ಬಿಡಿಸ್ಲಿಲ್ಲ.