ಅಸಲಿ ದೀಪ ಹತ್ತಿತು

ನವೆಂಬರ್ ೧೨, ಮಂಗಳವಾರ

ಹತ್ತಿತು! ಮೂರು ವಾರ ನನ್ನ ತಲೆ ತಿಂದ ದೀಪ ಇವತ್ತು ಹತ್ತೇಬಿಟ್ಟಿತು.

ಏಣಿಯಿಂದ ಬಿದ್ದು ಭುಜ ಮುರಿದುಕೊಂಡ ಮೇಲೆ ಮಾವ ರಂಗಮಂದಿರದ ದೀಪಗಳನ್ನು ಮುಟ್ಟಿರಲಿಲ್ಲ. ಕೂತಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ನಡೆಸುವಂತೆ ಮಾಡಿಕೊಡುತ್ತೇನೆಂದು ನಾನೇ ಜಂಬ ಕೊಚ್ಚಿದ್ದೆ. ನಾಡಿದ್ದು ನಾಟಕ. ಆಗದಿದ್ದರೆ ಬೇರೆಯವರನ್ನು ಕರೆಸುತ್ತೇನೆಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು.

ತಪ್ಪು ಎಷ್ಟು ಚಿಕ್ಕದಿತ್ತು! ವೇದಿಕೆಯ ಹಿಂದಿನ ಕಂಪ್ಯೂಟರಿನಲ್ಲಿ ಆ ದೀಪವನ್ನು ನಡೆಸುವ ಒಂದು ಪೈಥಾನ್ ಆಬ್ಜೆಕ್ಟ್, ಅಂದರೆ ಪ್ರೋಗ್ರಾಮಿನ ತುಣುಕು, ಇದೆ. ನೆಟ್‌ವರ್ಕಿನಲ್ಲಿ ನನಗೆ ಬರುತ್ತಿದ್ದುದು ಅದರ ನಕಲು. 'ಹತ್ತಿಕೋ' ಎಂದು ಆಜ್ಞೆ ಕೊಟ್ಟರೆ ಆ ನಕಲು ನನ್ನ ಲ್ಯಾಪ್‌ಟಾಪಿನಲ್ಲೇ ಹತ್ತಿ ಬೀಗುತ್ತಿತ್ತು, ಅಸಲಿ ದೀಪಕ್ಕೆ ಸುದ್ದಿಯೇ ಇಲ್ಲ. ಇವತ್ತು ನಕಲಿನ ಬದಲು ರೆಫರೆನ್ಸ್ ಬರುವಂತೆ ಮಾಡಿದೆ. ಈಗ ಆಬ್ಜೆಕ್ಟ್ ಇರುವಲ್ಲೇ ಇರುತ್ತದೆ, ಅದನ್ನು ಕರೆಯುವ ದಾರಿ ಮಾತ್ರ ನನ್ನ ಕೈಯಲ್ಲಿ. ನನ್ನ ಕಡೆಯ ಒಂದು ಆಬ್ಜೆಕ್ಟಿನ ರೆಫರೆನ್ಸನ್ನು ಅದಕ್ಕೂ ಕೊಟ್ಟೆ, ಹತ್ತಿದ ಕೂಡಲೇ ಅದೇ ನನ್ನನ್ನು ಕರೆದು ತಿಳಿಸಿತು!

ಹಿಂದಿನ ಸಾಲಿನಲ್ಲಿ ಮಾವನ ಪಕ್ಕ ಕೂತು ಕೀ ಒತ್ತಿದೆ. ವೇದಿಕೆ ಬೆಳಗಿತು.

"ಯಾರೇ ಅದು ಮೇಲೆ ಹತ್ತಿರೋದು?" ಮಾವ ಗಾಬರಿಯಾದರು.

"ಯಾರೂ ಇಲ್ಲ ಮಾವ, ಇಲ್ಲಿಂದ ನಾನೇ ಹಚ್ಚಿದ್ದು."

ಅವರು ಲ್ಯಾಪ್‌ಟಾಪನ್ನು ತೊಡೆಗೆ ಎಳೆದುಕೊಂಡರು. "ಬೆಳಕನ್ನ ಹಾಗೆ ದಬಕ್ಕಂತ ಎಸೀತಾರೇನೇ? ಸರಿ ಆ ಕಡೆ."

ನೆಟ್ಟಗಿದ್ದ ಒಂದೇ ಕೈಯಲ್ಲಿ, ನಸುಕು ಹರಿಯುವಷ್ಟು ಮೆಲ್ಲಗೆ, ಬೆಳಕು ಏರಿಸಿದರು. ಆಮೇಲೆ ಮ್ಯಾನೇಜರಿಗೆ ಅವರೇ ಫೋನ್ ಮಾಡಿದರು. "ನಾಡಿದ್ದು ನಾನೇ ಬರ್ತೀನಿ. ಬೇರೆ ಯಾರೂ ಬೇಡ."

ಇನ್ನೂ ಹನ್ನೊಂದು ದೀಪ ಬಾಕಿ ಇವೆ. ಕಣ್ಣು ಎಳೆಯುತ್ತಿದೆ, ಆದರೆ ಮಲಗುವುದು ಹೇಗೆ, ಇಷ್ಟು ಖುಷಿ ಇಟ್ಟುಕೊಂಡು...