ಎರಡೂ ತುದಿಯಲ್ಲಿ ನೀನು

ಹೋಲ್‌ರಾಯ್ಡ್,

ನಮ್ಮ ಬ್ರಾಡ್‌ಫರ್ಡ್ ಶಾಲೆಗೆ ನೂರು ವರ್ಷ ತುಂಬಿತು. ಅದರ ಚರಿತ್ರೆಯನ್ನು ಮಕ್ಕಳು ಗೋಡೆಗೆ ಹಚ್ಚುತ್ತಿದ್ದಾರೆ. ಹಳೆಯ ಮುಖಗಳ ಗುರುತು ಹೇಳಲು ಇವತ್ತು ನನ್ನನ್ನು ಕರೆಸಿದ್ದರು. ಇಡೀ ಶಾಲೆ ಸಾಲಾಗಿ ನಿಂತ 1961ರ ಆ ಉದ್ದನೆಯ ಫೋಟೋ ಅಲ್ಲಿತ್ತು.

"ಈ ತುದೀಲಿ ಇರೋರು, ಆ ತುದೀಲಿ ಇರೋರು ಅವಳಿ-ಜವಳಿನಾ ಸರ್?" ಎಂದಳು ಹೆಸರು ಬರೆದುಕೊಳ್ಳುತ್ತಿದ್ದ ಸಫಿಯಾ.

"ಇಲ್ಲಮ್ಮ, ಒಬ್ನೇ. ಆಗಿನ ಕ್ಯಾಮೆರಾ ಈ ಕಡೆಯಿಂದ ಆ ಕಡೆಗೆ ನಿಧಾನಕ್ಕೆ ತಿರುಗ್ತಿತ್ತು. ಅದು ಬರೋದ್ರೊಳಗೆ ಇವನು ಎಲ್ಲರ ಹಿಂದೆ ಓಡಿಹೋಗಿ ಆ ತುದೀಲಿ ನಿಂತ."

ನಕ್ಕಳು. "ಓಡು ಅಂತ ಅವ್ರಿಗೆ ಹೇಳ್ಕೊಟ್ಟಿದ್ಯಾರು?"

ಆ ಫೋಟೋ ಬಂದ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮಾಸ್ತರು ಕೇಳಿದ್ದೂ ಇದನ್ನೇ. ನೀನು ನನ್ನ ಹೆಸರು ಹೇಳದೆ ತಲೆ ತಗ್ಗಿಸಿ ನಿಂತಿದ್ದೆ. ನಾನು ನಾಲ್ಕನೆಯ ಸಾಲಿನಲ್ಲಿದ್ದೆ. ಶಾಲೆಯಿಂದ ಹೊರಹಾಕಿಸಿಕೊಂಡು ಮರುವಾರ ನೀನು ಉಣ್ಣೆ ಮಿಲ್ ಸೇರಿದೆ, ನಾನು ಪರೀಕ್ಷೆಗೆ ಕೂತೆ. ಹೋದ ವರ್ಷ ನಿನ್ನ ಮಣ್ಣಿಗೂ ನಾನು ಬರಲಿಲ್ಲ.

"ಗೊತ್ತಿಲ್ಲಮ್ಮ" ಎಂದೆ.

ಹೊರಡುವಾಗ ನಿನ್ನ ಮುಖ ನೋಡಲಾರದೆ ಎಡತುದಿಯನ್ನು ಬಿಟ್ಟು ಬಲಗಡೆಯಿಂದ ನಡೆದೆ. ಅಲ್ಲಿ ಟೈ ಓರೆಯಾಗಿ, ಏದುಸಿರು ಬಿಡುತ್ತಾ, ನನಗಿಂತ ಮೊದಲೇ ಬಂದು ನಿಂತಿದ್ದೆ ನೀನು.

ನಾರ್ಮನ್