ಕೆನೆ ಎಂಬ ಪದದ ತಿದ್ದುಪಡಿ

ಕೋಥರೂಡ, ಪುಣೆ
೧೯ ಏಪ್ರಿಲ್ ೨೦೨೫, ಶನಿವಾರ

ಚಿ. ಸೌ. ಭಾಗ್ಯಾಳಿಗೆ ಅನೇಕ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮ. ನೀನೂ ಅಲ್ಲಿ ಕ್ಷೇಮವೆಂದು ಬರೆಯಹೋಗಿ ಲೇಖನಿ ನಿಂತಿತು. ಅದು ನನಗೆ ಗೊತ್ತಿಲ್ಲ. ಕೋಥರೂಡದಿಂದ ನಿನ್ನ ದೇಹೂ ರೋಡಿಗೆ ಒಂದೂವರೆ ಗಂಟೆಯ ದಾರಿ. ನನ್ನ ಪತ್ರಕ್ಕೆ ನಾಲ್ಕು ವರ್ಷ ಹಿಡಿಯಿತು. ಈ ವಿಳಂಬಕ್ಕಾಗಿ ಕ್ಷಮೆ ಕೇಳುತ್ತೇನೆ. ಹಬ್ಬದ ದಿನ ಫೋನಿನಲ್ಲಿ ಆಡುವ ಎರಡು ಮಾತುಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನೀನೂ ಹಿಡಿಯಲಾರೆ.

ನಾಳೆ ಬೆಳಿಗ್ಗೆ ಹತ್ತಕ್ಕೆ ನಮ್ಮ ವಸತಿ ಸೊಸೈಟಿಯ ಸಭೆಯಿದೆ. ವಾರ್ಡ್ ಕಚೇರಿಯ ಅಧಿಕಾರಿಯೂ ಬರುತ್ತಾರೆ. ಅಲ್ಲಿ ನಾನು ಎದ್ದು ನಿಂತು, ನಾನು ಬರೆದದ್ದು ತಪ್ಪು ಎಂದು ಹೇಳಬೇಕಾಗಿದೆ. ಮೂವತ್ತಾರು ವರ್ಷ ಶಾಲೆಯಲ್ಲಿ ಅನ್ಯರ ತಪ್ಪು ತಿದ್ದಿದವಳಿಗೆ ಇದು ಹೊಸ ಪಾಠ. ಹೋಗುವ ಮೊದಲು ನಿನಗೆ ಎಲ್ಲವನ್ನೂ ತಿಳಿಸಬೇಕೆನಿಸಿತು.

ನಮ್ಮ ಕಟ್ಟಡದ ಹಿಂದೆ ಗುಡ್ಡದ ಬುಡದಲ್ಲಿರುವ ಕೆರೆ ನಿನಗೆ ನೆನಪಿದೆಯಲ್ಲವೆ? ಕಳೆದ ನವೆಂಬರಿನಲ್ಲಿ ಇಂಪನಾ ಎಂಬ ಹುಡುಗಿ ಗೇಟಿನಲ್ಲಿ ನನ್ನ ಕನ್ನಡ ಕೇಳಿ ಮಾತನಾಡಿಸಿದಳು. ಮಂಡ್ಯದ ಕಡೆಯವಳು, ಇಲ್ಲಿ ಕೆರೆಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಸಸ್ಯಗಳು ಅವಳ ವಿಷಯ. ಕನ್ನಡದಲ್ಲಿ ಅವಕ್ಕೆ ಸಸ್ಯಪ್ಲವಕ ಎನ್ನುತ್ತಾರೆಂದು ನಾನು ಹೇಳಿದಾಗ ಅವಳು ಆ ಪದವನ್ನು ಅಂಗೈ ಮೇಲೆ ಬರೆದುಕೊಂಡಳು. ಅಷ್ಟಕ್ಕೇ ನಾನು ಮರುಳಾದೆ.

"ಮಿಸ್, ನೀರಲ್ಲಿ ಒಂದೇ ಥರದ್ದು ಇರಲ್ಲ, ದೊಡ್ಡ ಸಂಸಾರಾನೇ ಇರುತ್ತೆ" ಎಂದಳು. "ಚಳೀಲಿ ಕಂದು ಬಣ್ಣದವು ಜಾಸ್ತಿ, ಅವಕ್ಕೆ ಗಾಜಿನ ಥರ ಚಿಪ್ಪು ಇರುತ್ತೆ. ಆಮೇಲೆ ಹಸಿರಿನವು. ಬಿಸಿಲು ಏರಿ, ಗಾಳಿ ನಿಂತು, ಕೊಳಚೆ ನೀರು ಸೇರಿದ್ರೆ ನೀಲಿ-ಹಸಿರಿನವು ಮೇಲೆ ಬಂದ್ಬಿಡ್ತವೆ. ಅದರಲ್ಲಿ ಕೆಲವು ವಿಷ. ಯಾವಾಗ ಯಾವುದು ಗೆಲ್ಲುತ್ತೆ ಅಂತ ಗೊತ್ತಾಗಬೇಕಂದ್ರೆ ಯಾರಾದ್ರೂ ದಿನಾ ನೋಡ್ಬೇಕು."

ನಾನು ಒಪ್ಪಿಕೊಂಡೆ. ಹಾಜರಿ ಪುಸ್ತಕದಂತೆ ಗೆರೆ ಹಾಕಿ ಒಂದು ದಾಖಲೆ ಆರಂಭಿಸಿದೆ: ತಾರೀಖು, ಬಿಸಿಲು, ಗಾಳಿ, ನೀರಿನ ಬಣ್ಣ, ಷರಾ. ಪ್ರತಿ ಭಾನುವಾರ ಇಂಪನಾಳಿಗೆ ಪುಟದ ಫೋಟೋ ಕಳಿಸುತ್ತಿದ್ದೆ. ಸೊಸೈಟಿಯವರಿಗೂ ತಿಳಿಯಲೆಂದು ಮರಾಠಿಯಲ್ಲಿ ಒಂದು ಪ್ರತಿ ಮಾಡಿ ಕೊಡುತ್ತಿದ್ದೆ.

ಜನವರಿಯಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು. ಕೆರೆಯಂಚಿಗೆ ಇಳಿಯುವುದು ನಿಂತಿತು. ಅದೇ ತಿಂಗಳು ಕೆರೆಯ ದಂಡೆಯಲ್ಲಿ ನಾಲ್ಕು ತಗಡಿನ ಶೆಡ್ಡುಗಳೆದ್ದವು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳು. ಅವರಲ್ಲಿ ತಾಯಮ್ಮ ಎಂಬುವಳು ಎರಡು ಆಡು ಸಾಕಿದ್ದಳು. ನಸುಕಿನಲ್ಲೇ ನೀರಿಗಿಳಿಯುವವಳು ಅವಳು. ದಿನವೂ ಕೆಲಸಕ್ಕೆ ಹೋಗುವಾಗ ಗೇಟಿನ ಬಳಿ ನಿಂತು ಕಂಡದ್ದನ್ನು ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಕಲ್ಲಿಗೆ ಪಾಚಿ ಹಿಡಿದಿದೆ ಎಂದರೆ ಪಾಚಿ ಎಂದೇ ಬರೆದೆ. ಅದು ಸರಿಯಾಗಿತ್ತು.

ಏಪ್ರಿಲ್ ಐದರಂದು ಅವಳು, "ಅಕ್ಕೋರ, ಇವತ್ತ ನೀರಿನ ಮ್ಯಾಲ ಕೆನಿ ಕಟ್ಟ್ಯಾದ್ರಿ" ಎಂದಳು.

"ಕೆನಿ ಅಲ್ಲ, ಕೆನೆ. ಅದೂ ಹಾಲಿಗೆ ಕಟ್ಟುತ್ತದೆ. ನೀರಿನಲ್ಲಿ ಬೆಳೆಯುವುದು ಪಾಚಿ" ಎಂದೆ.

"ಪಾಚಿ ಬ್ಯಾರೆ ರೀ."

"ಹಸಿರಾಗಿದೆಯೋ ಇಲ್ಲವೋ?"

"ಹಸರ ಅದ ರೀ, ಆದ್ರ..."

ಆ 'ಆದರೆ'ಯ ಮುಂದಿನದನ್ನು ನಾನು ಕೇಳಲಿಲ್ಲ. ಪಾಚಿ ಎಂದು ಬರೆದೆ. ಮರುದಿನವೂ ಕೆನಿ ಎಂದಳು, ಮರುದಿನವೂ ತಿದ್ದಿದೆ. ಮೂರನೆಯ ದಿನ ಅವಳೇ, "ನಿಮ್ಮ ಪಾಚಿ ಹಂಗೇ ಅದ ನೋಡ್ರಿ" ಎಂದು ನಕ್ಕು ಹೋದಳು. ಪಾಠ ಕಲಿತಳೆಂದು ನಾನು ಹಿಗ್ಗಿದೆ.

ಹನ್ನೆರಡರಂದು ಅವಳ ಗಬ್ಬದ ಆಡು ಆ ನೀರು ಕುಡಿದು ಸತ್ತಿತು. ಬಟ್ಟೆ ಒಗೆದ ಅವಳ ಕೈಗಳ ಮೇಲೆ ಬೊಬ್ಬೆ ಎದ್ದಿದ್ದವು.

ಹದಿನಾಲ್ಕರಂದು ಇಂಪನಾ ತನ್ನ ಬಲೆ, ಸೀಸೆಗಳೊಂದಿಗೆ ಬಂದಳು. ತಾಯಮ್ಮನ ಹೆಗಲು ಹಿಡಿದು ನಾನೂ ಇಳಿದೆ. ಭಾಗ್ಯಾ, ಅದು ಕೆನೆಯೇ. ದಪ್ಪಗೆ, ನುಣ್ಣಗೆ, ಸುಕ್ಕುಗಟ್ಟಿ, ಗಾಳಿಯಿಲ್ಲದ ಮೂಲೆಗೆ ಒತ್ತರಿಸಿಕೊಂಡು ಮಲಗಿತ್ತು. ಬೇರೆ ಪದವೇ ಅದಕ್ಕೆ ಒಪ್ಪುವುದಿಲ್ಲ.

"ಮಿಸ್, ಇದು ಯಾವಾಗಿಂದ ಹೀಗಿದೆ? ನೀವು ಕಳಿಸಿದ್ರಲ್ಲಿ ಬರೀ ಪಾಚಿ ಅಂತಿತ್ತಲ್ಲ?"

ನಾನು ಬಾಯಿ ತೆರೆಯುವ ಮೊದಲೇ ತಾಯಮ್ಮ ಒಂದು ಕಡ್ಡಿಯನ್ನು ನೀರಿಗಿಳಿಸಿದಳು. "ಪಾಚಿ ಕಡ್ಡಿಗಿ ಎಳಿ ಎಳಿಯಾಗಿ ಸುತ್ತಕೊಂಡು ಬರ್ತದ. ಇದು ನೋಡ್ರಿ, ಬರಂಗಿಲ್ಲ. ಬಣ್ಣ ಚೆಲ್ಲಿದಂಗ ಹರೀತದ. ಒಂಬತ್ತ ದಿನದಿಂದ ಹೇಳಾಕತ್ತೀನಿ." ಬಳಿಕ ನನ್ನತ್ತ ತಿರುಗಿದಳು. "ನಿಮ್ಮ ಬುಕ್ಕಿನ್ಯಾಗ ಕೆನಿಗಿ ಜಾಗಾ ಇಲ್ಲೇನ್ರಿ, ಅಕ್ಕೋರ?"

ಇಂಪನಾ ಆ ಕಡ್ಡಿಯನ್ನೇ ನೋಡುತ್ತ, "ನಮಗೂ ಫೀಲ್ಡ್‌ನಲ್ಲಿ ಇದೇ ಪರೀಕ್ಷೆ ಹೇಳ್ಕೊಟ್ಟಿದ್ದು" ಎಂದಳು. ನನ್ನನ್ನು ದೂರಲಿಲ್ಲ. ನೀರಿನ ಫೋಟೋವನ್ನೂ ತಾನು ಕೇಳಬೇಕಿತ್ತು ಎಂದಳು. ಆ ಸೌಜನ್ಯ ನನಗೆ ಹೆಚ್ಚು ಚುಚ್ಚಿತು.

ತಪ್ಪು ಅಲ್ಲಿಗೇ ನಿಲ್ಲಲಿಲ್ಲ. ಮೊನ್ನೆ ಸೊಸೈಟಿಯ ಕಾರ್ಯದರ್ಶಿ ವಿಕಾಸರಾಯರು, ಶೆಡ್ಡುಗಳನ್ನು ತೆರವು ಮಾಡಬೇಕೆಂದು ಅರ್ಜಿ ಬರೆದು ನನ್ನ ಸಹಿಗೆ ತಂದರು. ಶೆಡ್ಡಿನವರ ಸೋಪಿನ ನೀರು, ಆಡಿನ ಹಿಕ್ಕೆಗಳಿಂದಲೇ ಕೆರೆ ಕೆಟ್ಟಿತಂತೆ. ಪುರಾವೆ? ನನ್ನ ದಾಖಲೆ! ಅವರು ಬಂದ ಜನವರಿಯಿಂದ ಇಂದಿನವರೆಗೆ ಪುಟಪುಟದಲ್ಲೂ ಪಾಚಿ. "ಬಾಯೀ, ತುಮಚಂಚ ಅಕ್ಷರ ಆಹೇ ನಾ ಹೇ?" ಎಂದು ಹಾಳೆ ಮುಂದೆ ಹಿಡಿದರು. ಹೌದು, ನನ್ನದೇ ಅಕ್ಷರ, ದುಂಡಾಗಿತ್ತು, ಸ್ಪಷ್ಟವಾಗಿತ್ತು.

ಸಹಿ ಮಾಡಲಿಲ್ಲ. ನಿಜ ಸಂಗತಿಯೂ ಅದೇ ದಾಖಲೆಯಲ್ಲಿದೆ, ನನ್ನ ಒಂದು ಪದ ಅದನ್ನು ಮುಚ್ಚಿದೆ, ಅಷ್ಟೆ. ಕಲ್ಲಿನ ಪಾಚಿ ಎಲ್ಲ ಚಳಿಗಾಲದಲ್ಲೂ ಇರುವಂಥದು. ಮಾರ್ಚ್ ಇಪ್ಪತ್ತೆಂಟರ ಷರಾ ನೋಡು: 'ಸೊಸೈಟಿಯ ಕೊಳಚೆ ಶುದ್ಧಿ ಮಾಡುವ ಯಂತ್ರ ಕೆಟ್ಟಿದೆ, ನೀರು ನೇರವಾಗಿ ಕೆರೆಗೆ ಹೋಗುತ್ತಿದೆ.' ಅಲ್ಲಿಂದ ಎಂಟು ದಿನ ಉರಿಬಿಸಿಲು, ಗಾಳಿಯಿಲ್ಲ. ಐದರಂದು ಕೆನೆ. ಅದನ್ನು ಕಟ್ಟಿಸಿದವರು ನಾವು, ನಲವತ್ತೆಂಟು ಮನೆಗಳವರು.

ಇಂದು ಆ ಒಂಬತ್ತೂ ದಿನಗಳ ಸಾಲುಗಳನ್ನು, ಆಮೇಲೆ ಮರಾಠಿ ಪ್ರತಿಯನ್ನು ತಿದ್ದಿದೆ. 'ಪಾಚಿ' ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ 'ಕೆನಿ' ಎಂದು, ಅವಳು ಉಚ್ಚರಿಸಿದಂತೆಯೇ ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ನಾಳೆ ಇದನ್ನು ಓದುತ್ತೇನೆ. ತಾಯಮ್ಮನೂ ಬರುತ್ತಾಳೆ, ತನ್ನ ಮಾತನ್ನು ತಾನೇ ಹೇಳುತ್ತಾಳೆ, ನಾನು ಮರಾಠಿಗೆ ಅನುವಾದಿಸುತ್ತೇನೆ, ಒಂದು ಪದವನ್ನೂ ತಿದ್ದದೆ. ನೆರೆಹೊರೆಯವರು ಮಾತು ಬಿಟ್ಟರೆ ಬಿಡಲಿ. ಆ ಶೆಡ್ಡುಗಳನ್ನು ಕೀಳಿಸಬಾರದು, ನಮ್ಮ ಕೊಳಚೆಯನ್ನು ಕೆರೆಗೆ ಬಿಡುವ ಕೊಳವೆ ಮುಚ್ಚಬೇಕು. ಎರಡೂ ಆಗುವವರೆಗೆ ನಾನು ಕುಳಿತುಕೊಳ್ಳುವುದಿಲ್ಲ.

ಬಿಸಿಲು ವಿಪರೀತವಿದೆ, ನೀರು ಕುದಿಸಿ ಆರಿಸಿ ಕುಡಿ. ನಿನಗೂ ಅಳಿಯಂದಿರಿಗೂ ಆಯುರಾರೋಗ್ಯ ಒದಗಲಿ, ನಿನ್ನ ಮನೆ ತಂಪಾಗಿರಲಿ.

ಇಂತು,
ನಿನ್ನ ಅವ್ವ

ತಾ. ಕ.: ನಾಲ್ಕು ವರ್ಷದ ಹಿಂದಿನ ನಿನ್ನ ಪತ್ರ ನನ್ನ ಬಳಿ ಇಲ್ಲ, ಕೆಂಪು ಶಾಯಿಯಲ್ಲಿ ತಿದ್ದಿ ನಿನಗೇ ಹಿಂದಿರುಗಿಸಿದ್ದೆ. ಆದರೂ ಸಾಲು ಬಾಯಿಪಾಠವಾಗಿದೆ. 'ಅವ್ವಾ, ನನಗ ಇಲ್ಲಿ ಭಾಳ ತ್ರಾಸ ಆಗೇದ. ಸ್ವಲ್ಪ ದಿನ ನಿನ್ನ ಕಡೆ ಬಂದು ಇರ್ಲಿ?' 'ಅವ್ವಾ' ಹೊಡೆದು 'ತೀರ್ಥರೂಪ ತಾಯಿಯವರಿಗೆ' ಎಂದು ಮಾಡಿದೆ. 'ನನಗ', 'ಭಾಳ', 'ಆಗೇದ', 'ಇರ್ಲಿ' ನಾಲ್ಕನ್ನೂ ತಿದ್ದಿ ಅಂಚಿನಲ್ಲಿ 'ಗಮನವಿರಲಿ' ಎಂದು ಬರೆದೆ. ಪ್ರಶ್ನೆಯ ಚಿಹ್ನೆ ಮಾತ್ರ ಸರಿಯಾಗಿತ್ತು, ಅದನ್ನು ಮುಟ್ಟಲಿಲ್ಲ. ಉತ್ತರವನ್ನೂ ಬರೆಯಲಿಲ್ಲ. ತ್ರಾಸ ಏನೆಂದು ಇಂದಿಗೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ನಿನ್ನ ಪ್ರಶ್ನೆಗೆ ಉತ್ತರ: ಬಾ, ಮಗಳೇ. ಭಾಳ ದಿನ ಇರು.